ಯಾರ ಪೈಕಿ?

ನಮ್ಮ ಕಾಸರಗೋಡಿನ ಕಡೆ ಗುರುತಿಲ್ಲದವರು ಮನೆಗೆ ಬಂದರೆ ನಾವು ಮೊದಲು ಕೇಳುವುದು, "ನೀವು ಯಾರ ಪೈಕಿ?" ಉತ್ತರದಲ್ಲಿ ಮನೆ, ಜಾತಿ, ನೆಂಟಸ್ತಿಕೆ ಎಲ್ಲ ಹೊರಬೀಳುತ್ತದೆ. ನಂಬಿಕೆ ಹುಟ್ಟುತ್ತದೆ, ಗುಟ್ಟು ಉಳಿಯುವುದಿಲ್ಲ. ಅಂತರ್ಜಾಲಕ್ಕೂ ಇದೇ ತೊಡಕು ಎದುರಾಯಿತು.

ಹಿಂದೆ ಗುಪ್ತಲಿಪಿಯಲ್ಲಿ ಬರೆಯಬೇಕಾದರೆ ಇಬ್ಬರ ಬಳಿಯೂ ಮೊದಲೇ ಒಂದೇ ಕೀಲಿ ಇರಬೇಕಿತ್ತು. ಎಲ್ಲರಿಗೂ ಕಾಣುವ ದಾರಿಯಲ್ಲೇ ಇಬ್ಬರು ಅಪರಿಚಿತರು ಗುಟ್ಟಿನ ಕೀಲಿ ಮಾಡಿಕೊಳ್ಳಬಹುದೆಂದು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ತೋರಿಸಿಕೊಟ್ಟರು. ಆದರೆ ಆಚೆ ಇರುವವರು ಯಾರು? ಅದನ್ನು ಕೀಲಿ ಹೇಳುವುದಿಲ್ಲ.

1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಪಿಜಿಪಿ ಎಂಬ ತಂತ್ರಾಂಶ ಹೊರತಂದರು. ಮರುವರ್ಷ ಅದರಲ್ಲಿ ಪರಿಚಯಸ್ಥರು ಒಬ್ಬರ ಕೀಲಿಗೆ ಇನ್ನೊಬ್ಬರು ಸಹಿ ಹಾಕಿ ಸಾಕ್ಷಿ ನಿಲ್ಲುವ ಪದ್ಧತಿ ಬಂತು. ನಮ್ಮ "ಯಾರ ಪೈಕಿ"ಯೇ ಅದು! ಕಷ್ಟವೂ ಅದೇ. ಸಹಿಗಳ ಪಟ್ಟಿ ಬಹಿರಂಗವಾದರೆ ಯಾರಿಗೆ ಯಾರ ಪರಿಚಯವೆಂದು ಊರಿಗೆಲ್ಲ ತಿಳಿಯುತ್ತದೆ.

ಬೇರೆ ದಾರಿಯೊಂದನ್ನು ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ 1985ರಲ್ಲೇ ತೋರಿಸಿದ್ದರು: ಗುಟ್ಟು ಬಿಟ್ಟುಕೊಡದೆ, ಅದು ತನಗೆ ಗೊತ್ತಿದೆ ಎಂದಷ್ಟೇ ಸಾಬೀತುಪಡಿಸುವುದು. ಹುಟ್ಟಿದ ದಿನ ಹೇಳದೆ 18 ತುಂಬಿದೆ ಎಂದು ತೋರಿಸಲು ಈ ವಿಧಾನ ಸಾಕು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮೊಬೈಲಿನಲ್ಲಿ ಯಾರೋ ಊರು, ಶಾಲೆ, ಅಪ್ಪನ ಹೆಸರು ಕೇಳಿದರೆಂದು ನಮ್ಮ ಮಕ್ಕಳು ಹೇಳಿಬಿಡುತ್ತಾರೆ. ಅವರಿಗೆ ನಾವು ಹೇಳುವುದಿಷ್ಟೇ: ಕೇಳಿದ್ದಕ್ಕೆಲ್ಲ ಉತ್ತರಿಸಬೇಕಾಗಿಲ್ಲ, ಮಕ್ಕಳೇ.