ಮಂದೆ ಕಾಯ್ದ ನಾಯಿಯ ಋಣ

ಪ್ರಾಣಿಯಿಂದ ದುಡಿಮೆಯನ್ನು ಪಡೆದವನು ಅದರ ಪೋಷಣೆಯ ಹೊಣೆಯನ್ನೂ ಹೊತ್ತಿರುತ್ತಾನೆ. ಈ ಮಾತನ್ನು ಒಪ್ಪದವರಿಲ್ಲ. ಆದರೆ ದುಡಿಮೆಯ ಅಗತ್ಯವು ತೀರಿದ ಮೇಲೂ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುವವರು ವಿರಳ. ಪಾಶ್ಚಾತ್ಯ ದೇಶಗಳಲ್ಲಿ ಕುರಿಮಂದೆಗಳನ್ನು ಕಾಯ್ದ ನಾಯಿಗಳ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಗಡಿಯ ಗುಡ್ಡಗಳಲ್ಲಿ ಕುರಿಗಾಹಿಗಳು ತಲೆಮಾರುಗಳ ಕಾಲ ಚುರುಕಾದ ನಾಯಿಗಳನ್ನೇ ಆರಿಸಿ ವಂಶ ಬೆಳೆಸಿದರು. 1873ರಲ್ಲಿ ವೇಲ್ಸಿನ ಬಾಲಾ ಎಂಬಲ್ಲಿ ಇಂತಹ ನಾಯಿಗಳ ಸ್ಪರ್ಧೆಯು ನಡೆಯಿತು. 1893ರಲ್ಲಿ ನಾರ್ತಂಬರ್ಲೆಂಡಿನ ಆಡಮ್ ಟೆಲ್ಫರ್ ಎಂಬಾತನಲ್ಲಿ ಜನಿಸಿದ ‘ಹೆಂಪ್’ ಎಂಬ ನಾಯಿಯು ಇಂದಿನ ಬಾರ್ಡರ್ ಕೋಲಿ ತಳಿಯ ಮೂಲಪುರುಷನೆನಿಸಿದೆ. 1906ರಲ್ಲಿ ಈ ನಾಯಿಗಳಿಗಾಗಿಯೇ ಅಂತರರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ದಿನವಿಡೀ ಓಡುವ ಶಕ್ತಿ, ಚಲಿಸುವುದನ್ನೆಲ್ಲ ಸುತ್ತುಗಟ್ಟುವ ತವಕ ಇವೆರಡೂ ಮನುಷ್ಯನೇ ಅವುಗಳಲ್ಲಿ ಬೆಳೆಸಿದ ಗುಣಗಳು.

ನಾಯಿಯ ಮೇಲಿನ ದಯೆಯಾದರೋ ನಿಧಾನವಾಗಿ ಬಂದಿತು. ಬ್ರಿಟನ್ನಿನ 1822ರ ಕಾನೂನು ದನ, ಕುದುರೆ, ಕುರಿಗಳಿಗೆ ರಕ್ಷಣೆಯನ್ನಿತ್ತಿತೇ ಹೊರತು ನಾಯಿಗಳಿಗಲ್ಲ. ಅವು 1835ರವರೆಗೆ ಕಾಯಬೇಕಾಯಿತು. 1860ರಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆಯು ಲಂಡನ್ನಿನ ಹಾಲೊವೇಯಲ್ಲಿ ಬೀದಿಪಾಲಾದ, ಹಸಿದ ನಾಯಿಗಳಿಗೆ ಆಶ್ರಯವನ್ನು ತೆರೆದಾಗ ಪತ್ರಿಕೆಗಳು ಪರಿಹಾಸ್ಯ ಮಾಡಿದವು. ಆದರೆ 1862ರಲ್ಲಿ ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ವಾರಪತ್ರಿಕೆಯು ಅದನ್ನು ಪ್ರಶಂಸಿಸಿತು. 1865ರಲ್ಲಿ ಆಕೆಯು ತೀರಿಕೊಂಡ ಬಳಿಕವೂ ಸಂಸ್ಥೆಯು ಉಳಿಯಿತು. 1871ರಲ್ಲಿ ಬ್ಯಾಟರ್ಸಿಗೆ ಸ್ಥಳಾಂತರಗೊಂಡು ಇಂದಿಗೂ ನಡೆಯುತ್ತಿದೆ.

ಅನ್ನ ಮತ್ತು ಆಶ್ರಯಗಳಷ್ಟೇ ಸಾಲವೆಂಬುದನ್ನು ಅಮೆರಿಕದ ಒಂದು ಪ್ರಸಂಗವು ತಿಳಿಸುತ್ತದೆ. 1940ರಲ್ಲಿ ಜನಿಸಿದ ‘ಪ್ಯಾಲ್’ ಎಂಬ ನೀಳರೋಮದ ಕೋಲಿಯು ಎಡೆಬಿಡದೆ ಬೊಗಳುತ್ತಿತ್ತು. ಮೋಟಾರ್ ಸೈಕಲ್ಲುಗಳ ಬೆನ್ನಟ್ಟುತ್ತಿತ್ತು. ಬೇಸತ್ತ ಒಡೆಯನು ಅದನ್ನು ರಡ್ ವೆದರ್‌ವ್ಯಾಕ್ಸ್ ಎಂಬ ತರಬೇತುದಾರನಿಗೆ ಒಪ್ಪಿಸಿದನು. ಕೊನೆಗೆ ಬಾಕಿಯಿದ್ದ ಹಣಕ್ಕೆ ಬದಲಾಗಿ ನಾಯಿಯನ್ನೇ ಬಿಟ್ಟುಕೊಟ್ಟನು. 1943ರ ಚಲನಚಿತ್ರದಲ್ಲಿ ‘ಲ್ಯಾಸಿ’ಯಾಗಿ ಜಗತ್ತಿನ ಪ್ರೀತಿಯನ್ನು ಗಳಿಸಿದ್ದು ಇದೇ ನಾಯಿ! ಒಬ್ಬನ ಲೆಕ್ಕದಲ್ಲಿ ನಷ್ಟವೆಂದು ಬರೆಯಲ್ಪಟ್ಟದ್ದು ಮತ್ತೊಬ್ಬನ ಕೈಯಲ್ಲಿ ಲಾಭವಾಯಿತು. ಬದಲಾದದ್ದು ನಾಯಿಯ ಸ್ವಭಾವವಲ್ಲ, ಅದನ್ನು ಅರಿತವನ ಕೈ. ಮಂದೆಯಿಲ್ಲದ ಊರಿನಲ್ಲಿ ಆ ನಾಯಿಗೆ ಚಲಿಸುವ ವಾಹನವೇ ಮಂದೆಯಾಗಿತ್ತು.

ಈ ಕೀರ್ತಿಗೆ ಇನ್ನೊಂದು ಮುಖವೂ ಉಂಟು. ಚಿತ್ರದಲ್ಲಿ ಕಂಡ ನಾಯಿಯನ್ನು ಮನೆಗೆ ತಂದವರೆಲ್ಲರೂ ಅದರ ಸ್ವಭಾವವನ್ನು ವಿಚಾರಿಸಲಿಲ್ಲ. ಇಕ್ಕಟ್ಟಾದ ಮನೆಯಲ್ಲಿ ಕೆಲಸವಿಲ್ಲದೆ ಕಟ್ಟಿಹಾಕಲ್ಪಟ್ಟ ಕುರಿನಾಯಿಯು ಬೊಗಳುತ್ತದೆ, ಕಚ್ಚಿ ಹರಿಯುತ್ತದೆ, ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಬಳಿಕ ಬೀದಿಗೆ ಬೀಳುತ್ತದೆ. ಆದುದರಿಂದಲೇ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಇಂತಹ ತಳಿಗಳಿಗೆಂದೇ ಪ್ರತ್ಯೇಕ ರಕ್ಷಣಾ ಸಂಸ್ಥೆಗಳು ಹುಟ್ಟಿಕೊಂಡವು. ಅವುಗಳ ಕ್ರಮವು ಅನುಕರಣೀಯ: ಮೊದಲು ಚಿಕಿತ್ಸೆ, ಅನಂತರ ಸ್ವಭಾವದ ಪರೀಕ್ಷೆ, ಆಮೇಲೆ ಸಾಕಬಯಸುವವರ ಮನೆ, ಬಿಡುವು, ಮಕ್ಕಳ ವಯಸ್ಸು ಇವುಗಳ ವಿಚಾರಣೆ. ಹೊಂದಾಣಿಕೆಯಾಗದಿದ್ದಲ್ಲಿ ನಾಯಿಯನ್ನು ಮರಳಿ ಸಂಸ್ಥೆಗೇ ಒಪ್ಪಿಸಬೇಕೆಂಬ ಕರಾರೂ ಸಾಮಾನ್ಯವಾಗಿ ಇರುತ್ತದೆ.

ಕನಿಕರವು ದಯೆಯ ಆರಂಭ ಮಾತ್ರ. ತಿಳಿವಳಿಕೆಯಿಲ್ಲದ ಕನಿಕರವು ಪ್ರಾಣಿಯನ್ನು ಒಂದು ಬಾಗಿಲಿನಿಂದ ಒಳಕ್ಕೆ ತಂದು ಇನ್ನೊಂದರಿಂದ ಹೊರಕ್ಕೆ ಕಳುಹಿಸುತ್ತದೆ. ಪ್ರಾಣಿಯನ್ನು ಮನೆಗೆ ತರುವ ಕುಟುಂಬವಾಗಲಿ, ಆಶ್ರಯವನ್ನು ನಡೆಸುವ ಸಂಸ್ಥೆಯಾಗಲಿ, ಅದರ ಆಹಾರದ ವೆಚ್ಚವನ್ನು ಲೆಕ್ಕ ಹಾಕುವ ಮುನ್ನ ಅದರ ಸ್ವಭಾವಕ್ಕೆ ತಮ್ಮಲ್ಲಿ ಎಡೆಯುಂಟೇ ಎಂಬುದನ್ನು ವಿಚಾರಿಸುವುದು ಉಚಿತ. ಮನುಷ್ಯನು ತನ್ನ ಅನುಕೂಲಕ್ಕಾಗಿ ಬೆಳೆಸಿದ ಗುಣವನ್ನು ಮುಂದೆ ದೋಷವೆಂದು ಎಣಿಸಿ ಪ್ರಾಣಿಯನ್ನು ಶಿಕ್ಷಿಸುವುದು ನ್ಯಾಯವಲ್ಲ.