ಸಕ್ಕರೆ ಗೊಂಬೆಯ ಸೊಂಟ

ಕಳೆದ ಗೌರಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಕೊಕ್ಕನೂರು, ಹರಿಹರ ತಾಲ್ಲೂಕು. ಅಣ್ಣನ ಮಗಳಿಗೆ ಈಗ ಆರು ವರ್ಷ. ಅವಳಿಗೆ ಅಂತ ಬೆಂಗಳೂರಿನಿಂದ ಒಂದು ಫ್ಯಾಷನ್ ಗೊಂಬೆ ಒಯ್ದಿದ್ದೆ. ಉದ್ದನೆ ಕಾಲು, ಎರಡು ಬೆರಳಲ್ಲಿ ಹಿಡಿಯಬಹುದಾದ ಸೊಂಟ. ಮರುದಿನ ಬೆಳಿಗ್ಗೆ ನೋಡ್ತೀನಿ, ಹುಡುಗಿ ಕನ್ನಡಿ ಮುಂದೆ ನಿಂತು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳ್ಕೊಳ್ತಿದಾಳೆ!

"ಅತ್ತೆ, ನಂದ್ ಯಾಕ್ ಹಿಂಗ್ ಐತಿ?"

ಏನು ಹೇಳಬೇಕೋ ತೋಚಲಿಲ್ಲ. ಗೊಂಬೆಯನ್ನೇ ದೂರೋಣ ಅಂದ್ರೆ, ಹಿಂದಿನ ಸಂಜೆ ಪಡಸಾಲೆಯಲ್ಲಿ ಕೂತವರೆಲ್ಲ ನನ್ನನ್ನು ನೋಡಿ "ದಪ್ಪ ಆಗೀಯಲ್ಲೇ" ಅಂದದ್ದನ್ನೂ ಅವಳು ಕೇಳಿಸಿಕೊಂಡಿದ್ದಳು. ಆದ್ರೂ ಗೊಂಬೆ ತಂದವಳು ನಾನೇ ಅಲ್ವಾ... ವಾಪಸ್ ಬಂದ ಮೇಲೆ ಆ ಸೊಂಟದ ಇತಿಹಾಸ ಹುಡುಕಿಕೊಂಡು ಕೂತೆ.

ಅದು ಶುರುವಾಗೋದು ಜರ್ಮನಿಯಲ್ಲಿ. 'ಬಿಲ್ಡ್' ಅನ್ನೋ ಪತ್ರಿಕೆಯಲ್ಲಿ 1952ರಿಂದ ಲಿಲ್ಲಿ ಅನ್ನೋ ತುಂಟ ಹುಡುಗಿಯ ವ್ಯಂಗ್ಯಚಿತ್ರ ಬರ್ತಿತ್ತು. 1955ರಲ್ಲಿ ಅವಳನ್ನು ಗೊಂಬೆ ಮಾಡಿದರು. ಮಕ್ಕಳಿಗಲ್ಲ, ದೊಡ್ಡವರಿಗೆ, ಗಂಡಸರು ತಮಾಷೆಗೆ ಕೊಳ್ಳಲಿ ಅಂತ! ಮರುವರ್ಷ ಅಮೆರಿಕದ ಮ್ಯಾಟೆಲ್ ಕಂಪನಿಯ ರೂತ್ ಹ್ಯಾಂಡ್ಲರ್ ಸ್ವಿಟ್ಜರ್ಲೆಂಡಿಗೆ ಹೋದಾಗ ಆ ಗೊಂಬೆ ಕಣ್ಣಿಗೆ ಬಿತ್ತು. ಆಕೆಯ ಮಗಳು ಬಾರ್ಬರಾ ಕಾಗದದ ಗೊಂಬೆಗಳಿಗೆ ದೊಡ್ಡವರ ಪಾತ್ರ ಕೊಟ್ಟು ಆಡ್ತಿದ್ದಳಂತೆ. ಆಗ ಅಲ್ಲಿ ಸಿಗ್ತಿದ್ದದ್ದು ಹೆಚ್ಚಾಗಿ ಪಾಪುವಿನಂಥ ಗೊಂಬೆಗಳು, ಅವುಗಳ ಜೊತೆ ಆಡೋ ಹುಡುಗಿ ಅಮ್ಮ ಆಗಬಹುದಿತ್ತು, ಅಷ್ಟೆ. ಮುಂದೆ ತಾನು ಏನಾಗ್ತೀನಿ ಅಂತ ಕಲ್ಪಿಸಿಕೊಳ್ಳೋಕೆ ಒಂದು ಗೊಂಬೆ ಬೇಕು ಅನ್ನೋದು ರೂತ್ ಲೆಕ್ಕಾಚಾರ. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಹನ್ನೊಂದೂವರೆ ಇಂಚಿನ ಬಾರ್ಬಿ ಬಂದಳು. ಅದನ್ನು ಕೈಯಲ್ಲಿ ಆಡುವಂತೆ ಮಾಡಿದ ಎಂಜಿನಿಯರ್ ಜಾಕ್ ರಯಾನ್ ಅದಕ್ಕೂ ಮುಂಚೆ ಕ್ಷಿಪಣಿ ಕೆಲಸದಲ್ಲಿದ್ದವನು. (ನಾವು ಎಂಜಿನಿಯರುಗಳು ಎಲ್ಲಿ ಬೇಕಾದ್ರೂ ನುಗ್ತೀವಿ ನೋಡಿ :))

ಸೊಂಟ ಅಷ್ಟು ಸಣ್ಣ ಯಾಕೆ? ಅದಕ್ಕೊಂದು ತಾಂತ್ರಿಕ ಕಾರಣ ಹೇಳ್ತಾರೆ. ಗೊಂಬೆಯನ್ನು ಮನುಷ್ಯನ ಆರನೇ ಒಂದು ಭಾಗಕ್ಕೆ ಇಳಿಸಬಹುದು, ಬಟ್ಟೆಯ ದಪ್ಪವನ್ನು ಹಾಗೆ ಇಳಿಸೋಕಾಗಲ್ಲ. ಲಂಗ, ರವಿಕೆ, ಹೊಲಿಗೆ, ಪಟ್ಟಿ ಎಲ್ಲಾ ಸೊಂಟದಲ್ಲೇ ಸೇರಿ ಉಬ್ಬುತ್ತೆ, ಅದಕ್ಕೇ ಸೊಂಟ ಕಿತ್ತಿಟ್ಟರು ಅಂತ. ಒಪ್ಪೋಣ. ಆದರೆ 1965ರಲ್ಲಿ ಬಂದ 'ಸ್ಲಂಬರ್ ಪಾರ್ಟಿ' ಬಾರ್ಬಿಯ ಜೊತೆ ಒಂದು ತೂಕದ ಯಂತ್ರ ಇತ್ತು. ಅದರ ಮುಳ್ಳು 110 ಪೌಂಡಿಗೆ, ಅಂದ್ರೆ ಸುಮಾರು 50 ಕೆಜಿಗೆ ನಿಂತಿತ್ತು. ತೂಕ ಇಳಿಸೋದು ಹೇಗೆ ಅನ್ನೋ ಪುಟ್ಟ ಪುಸ್ತಕವೂ ಇತ್ತು. ಅದರ ಹಿಂದೆ ಇದ್ದ ಸಲಹೆ ಒಂದೇ, 'ಊಟ ಮಾಡಬೇಡ'. ಇದಕ್ಕೆ ಬಟ್ಟೆಯ ದಪ್ಪ ಕಾರಣ ಅಲ್ಲ ತಾನೇ?

1996ರಲ್ಲಿ ಆಸ್ಟ್ರೇಲಿಯಾದವರು ಲೆಕ್ಕ ಹಾಕಿದರು: ಬಾರ್ಬಿಯಂಥ ಮೈ ಲಕ್ಷ ಹೆಂಗಸರಲ್ಲಿ ಒಬ್ಬಳಿಗೂ ಸಿಗೋದು ಕಷ್ಟ. ಅವಳ ಜೊತೆಗಾರ ಕೆನ್ ಮಾತ್ರ 50 ಗಂಡಸರಲ್ಲಿ ಒಬ್ಬ ಸಿಗ್ತಾನೆ. 2006ರಲ್ಲಿ ಇಂಗ್ಲೆಂಡಿನಲ್ಲಿ 5ರಿಂದ 8 ವರ್ಷದ 162 ಹುಡುಗಿಯರಿಗೆ ಗೊಂಬೆ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದರು. ಬಾರ್ಬಿ ನೋಡಿದ ಚಿಕ್ಕ ಹುಡುಗಿಯರಿಗೆ ತಮ್ಮ ಮೈ ಬಗ್ಗೆ ಸಮಾಧಾನ ಕಡಿಮೆ ಆಯ್ತು, ತೆಳ್ಳಗಾಗಬೇಕು ಅನ್ನೋ ಆಸೆ ಹೆಚ್ಚಾಯ್ತು. ನಮ್ಮ ಹುಡುಗಿಯದ್ದೂ ಅದೇ ವಯಸ್ಸು. ಅದನ್ನು ಓದಿ ಒಂದು ಗಳಿಗೆ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಬೇರೆ ಥರ ಗೊಂಬೆ ಮಾಡೋ ಪ್ರಯತ್ನಗಳೂ ಆದವು. 1991ರಲ್ಲಿ ಅಮೆರಿಕದ ಕ್ಯಾಥಿ ಮೆರೆಡಿಗ್ ಅನ್ನೋರು 'ಹ್ಯಾಪಿ ಟು ಬಿ ಮಿ' ಅನ್ನೋ ಸಹಜ ಮೈಯ ಗೊಂಬೆ ತಂದರು, ಬಹಳ ದಿನ ನಿಲ್ಲಲಿಲ್ಲ. 2014ರಲ್ಲಿ ನಿಕೊಲಾಯ್ ಲ್ಯಾಮ್, ಅಮೆರಿಕದ 19 ವರ್ಷದ ಹುಡುಗಿಯರ ಸರಾಸರಿ ಅಳತೆ ಹಿಡಿದು 'ಲ್ಯಾಮಿಲಿ' ಮಾಡಿದರು. ಜನರಿಂದ ಕೇಳಿದ್ದು 95 ಸಾವಿರ ಡಾಲರ್, ಬಂದದ್ದು ಅದರ ಸುಮಾರು ಐದು ಪಟ್ಟು! ಮೊಡವೆ, ಗಾಯದ ಕಲೆಗಳ ಸ್ಟಿಕರ್ ಕೂಡ ಇದ್ದವು. 2016ರಲ್ಲಿ ಬಾರ್ಬಿಗೇ ಎತ್ತರದ್ದು, ಕುಳ್ಳಿ, ಮೈಕೈ ತುಂಬಿಕೊಂಡದ್ದು ಅಂತ ಮೂರು ಹೊಸ ಅಚ್ಚು ಬಂದವು. ಒಳ್ಳೇದೇ. ಆದರೆ ಅಮೆರಿಕದ ಸರಾಸರಿ ತಗೊಂಡು ಕೊಕ್ಕನೂರಿನ ಹುಡುಗಿ ಏನು ಮಾಡಬೇಕು? ಸೀರೆ ಉಡಿಸಿದ ಬಾರ್ಬಿ 90ರ ದಶಕದಲ್ಲೇ ನಮ್ಮ ದೇಶಕ್ಕೆ ಬಂದಿತ್ತು, ಸೀರೆ ಒಳಗಿನ ಮೈ ಅದೇ. 2021ರ ಇನ್ನೊಂದು ಇಂಗ್ಲಿಷ್ ಅಧ್ಯಯನದಲ್ಲಿ ತೆಳ್ಳನೆ ಗೊಂಬೆ ಜೊತೆ ಆಡಿದ ಮೇಲೆ ಸಹಜ ಮೈಯ ಗೊಂಬೆ ಕೊಟ್ಟರೂ ಮೊದಲಿನ ಪರಿಣಾಮ ಅಳಿಸಲಿಲ್ಲ. ಇದ್ದದ್ದು ಕೆಲವೇ ಮಕ್ಕಳು, ದೊಡ್ಡ ತೀರ್ಮಾನಕ್ಕೆ ಸಾಲದು.

ಇದನ್ನೆಲ್ಲ ಓದ್ತಾ ನನಗೆ ನೆನಪಾಗ್ತಿದ್ದದ್ದು ಆ ದಿನ ಸಂಜೆಯ ಸಕ್ಕರೆ ಆರತಿ. ದಾವಣಗೆರೆ, ಹಾವೇರಿ ಕಡೆಯವರಿಗೆ ಹೇಳಬೇಕಿಲ್ಲ. ಮೈಸೂರು ಕಡೆಯವರಿಗೆ ದಸರಾ ಪಟ್ಟದ ಗೊಂಬೆ ಹೇಗೋ ನಮಗೆ ಇದು ಹಾಗೆ. ಮರದ ಅಚ್ಚುಗಳನ್ನು ದಾರದಿಂದ ಬಿಗಿದು, ಕುದಿಯೋ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಗೊಂಬೆ. ಆನೆ, ಕುದುರೆ, ಒಂಟೆ, ಬಸವಣ್ಣ, ತೇರು, ರಾಮ-ಸೀತೆ. ನಿಶ್ಚಿತಾರ್ಥ ಆದ ಹುಡುಗಿಗೆ ಗಂಡಿನ ಮನೆಯವರು ಸೀರೆ ಜೊತೆ ಇವನ್ನೂ ಕೊಡ್ತಾರೆ.

ಇಲ್ಲಿ ಸೀತೆಗೂ ಬಸವಣ್ಣನಿಗೂ ಸೊಂಟ ಒಂದೇ ಥರ! ಸಣ್ಣ ಮಾಡಿದ್ರೆ ಅಚ್ಚು ಬಿಚ್ಚುವಾಗಲೇ ಮುರೀತಾವೆ. ಚನ್ನಪಟ್ಟಣದ ಗೊಂಬೆಗಳೂ ಹಾಗೇ, ಲೇತ್‌ನಲ್ಲಿ ತಿರುಗಿಸಿ ಅರಗು ಬಳಿದದ್ದು ದುಂಡಗೇ ಇರುತ್ತೆ. ಬಾರ್ಬಿಯ ಸೊಂಟ ಬಟ್ಟೆಯಿಂದ, ಸೀತೆಯ ಸೊಂಟ ಪಾಕದಿಂದ. ಆದರೆ ಸಕ್ಕರೆ ಸೀತೆಯನ್ನು ನೋಡಿ "ದೊಡ್ಡವಳಾದ ಮೇಲೆ ನಾನೂ ಹೀಗಿರಬೇಕು" ಅಂತ ನನಗಂತೂ ಯಾವತ್ತೂ ಅನ್ನಿಸಿರಲಿಲ್ಲ. ಅವಳನ್ನು ತಟ್ಟೆಯಲ್ಲಿಟ್ಟು ಬೆಳಗೋದು, ಆಮೇಲೆ ತಿನ್ನೋದು, ಅಷ್ಟೇ. ಹಾಗಂತ ನಮ್ಮ ಕಾಲ ಚಿನ್ನ ಅಂತ ಅಲ್ಲ, "ಕಪ್ಪು" "ದಪ್ಪ" ಅಂತ ಅಳೆಯೋಕೆ ನಮ್ಮವರಿಗೆ ಗೊಂಬೆಯೇ ಬೇಕಿರಲಿಲ್ಲ.

ಅವತ್ತು ಸಂಜೆ ಅಜ್ಜಿ ಹುಡುಗಿಗೆ ಸೀರೆ ಸುತ್ತಿದರು. ಅವಳು ಆರತಿ ತಟ್ಟೆಯಲ್ಲಿ ಒಂಟೆ, ಸೀತೆಯ ಪಕ್ಕ ನಾನು ತಂದ ಗೊಂಬೆಯನ್ನೂ ನಿಲ್ಲಿಸಿದಳು. ಯಾರೂ ಬೇಡ ಅನ್ನಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಸೀತೆಯ ತಲೆ ಆಗಲೇ ಅವಳ ಬಾಯಲ್ಲಿತ್ತು. ಫ್ಯಾಷನ್ ಗೊಂಬೆಯ ಕೂದಲಿಗೆ ಸಕ್ಕರೆ ಅಂಟಿ ಇರುವೆ ಮುತ್ತಿದ್ದವು. ಬಚ್ಚಲಲ್ಲಿ ತೊಳೆದು, ಒಣಗಲಿ ಅಂತ ಕಟ್ಟೆ ಮೇಲಿಟ್ಟು ಬಸ್ಸು ಹತ್ತಿದೆ.