ಜಪಸರದ ಎರಡು ದನಿ: ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯ ಒಂದು ಪ್ರಾರ್ಥನೆಯ ರಚನೆ

ಕಥೋಲಿಕರ ಮಣಿಮಾಲೆಯ ಪ್ರಾರ್ಥನೆಯಾದ ಜಪಸರದ ಒಳಾರ್ಥವನ್ನು ಹುಡುಕುವವರು ಮೊದಲು ಕೈಹಾಕುವುದು ಅದರ ಲೆಕ್ಕಕ್ಕೆ. ಅದಕ್ಕೆ ಆಧಾರವೂ ಉಂಟು. ಮಧ್ಯಯುಗದ ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಬೈಬಲ್ಲಿನ 150 ಕೀರ್ತನೆಗಳನ್ನು ಲ್ಯಾಟಿನ್ನಿನಲ್ಲಿ ಹಾಡುತ್ತಿದ್ದರು. ಓದು ಬಾರದವರು ಅವುಗಳ ಬದಲಿಗೆ ಮೊದಮೊದಲು ಕ್ರಿಸ್ತ ಕಲಿಸಿದ ಪ್ರಾರ್ಥನೆಯನ್ನು, ಬರಬರುತ್ತ ನಮೋ ಮರಿಯಾ ಪ್ರಾರ್ಥನೆಯನ್ನು ಅಷ್ಟೇ ಸಲ ಹೇಳಿದರು. ಎಣಿಕೆ ತಪ್ಪದಿರಲೆಂದು ಮಣಿಗಳು ಬಂದವು. ಹದಿನೈದನೆಯ ಶತಮಾನದಲ್ಲಿ ಪ್ರಶ್ಯದ ಡೊಮಿನಿಕ್ ಎಂಬ ಕಾರ್ಥೂಸಿಯನ್ ಸನ್ಯಾಸಿ 50 ನಮೋ ಮರಿಯಾಗಳಿಗೆ ಕ್ರಿಸ್ತನ ಬದುಕಿನ ಪ್ರಸಂಗಗಳನ್ನು ಜೋಡಿಸಿದ. 1475ರಲ್ಲಿ ಕೊಲೋನ್ ನಗರದಲ್ಲಿ ಜಪಸರದ ಭ್ರಾತೃಸಂಘ ಹುಟ್ಟಿತು. 1569ರಲ್ಲಿ ಐದನೆಯ ಪಿಯುಸ್ ಜಗದ್ಗುರುಗಳು (ಪೋಪರು) ಈ ಭಕ್ತಿಗೆ ಅಧಿಕೃತ ಮುದ್ರೆಯೊತ್ತಿದರು. ಸುಮಾರು ಅದೇ ಹೊತ್ತಿಗೆ ಈ ಕರಾವಳಿಯಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದರು.

ಆದರೆ ಲೆಕ್ಕವೇ ತಿರುಳಾಗಿದ್ದರೆ 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ಐದು ರಹಸ್ಯಗಳನ್ನು, ಅಂದರೆ ಧ್ಯಾನಿಸುವ ಪ್ರಸಂಗಗಳನ್ನು, ಸೇರಿಸಿದಾಗ ಜಪಸರ ಕೆಟ್ಟುಹೋಗಬೇಕಿತ್ತು. ಹದಿನೈದು ರಹಸ್ಯಗಳು ಇಪ್ಪತ್ತಾದವು, 150 ಹೋಗಿ 200 ಆಯಿತು, ಕೀರ್ತನೆಗಳ ಜತೆಗಿನ ಹೊಂದಿಕೆ ಮುರಿಯಿತು. ಕೆಲವರು ಆಕ್ಷೇಪಿಸಿದ್ದೂ ಉಂಟು. ಮನೆಗಳಲ್ಲಿ ಮಾತ್ರ ಪ್ರಾರ್ಥನೆ ನಿಲ್ಲಲಿಲ್ಲ. ತಿರುಳು ಇರುವುದು ಬೇರೆಡೆ, ಒಂದು ಪ್ರಾರ್ಥನೆಯನ್ನು ಎರಡಾಗಿ ಸೀಳಿ ಇಬ್ಬರ ಬಾಯಿಗೆ ಹಂಚಿರುವುದರಲ್ಲಿ ಎಂಬುದು ಈ ಲೇಖನದ ವಾದ. ನಮೋ ಮರಿಯಾದ ಮೊದಲರ್ಧ ಲೂಕನ ಶುಭಸಂದೇಶದಿಂದ ಬಂದದ್ದು: ದೇವದೂತ ಗಬ್ರಿಯೇಲನ ವಂದನೆ, ಅದರ ಬೆನ್ನಿಗೆ ಎಲಿಜಬೇತಳು ಹರಸಿದ ಮಾತು. ಯೇಸುವಿನ ಹೆಸರು ಬಂದಲ್ಲಿ ಆ ಭಾಗ ಮುಗಿಯುತ್ತದೆ. ಪಾಪಿಗಳಾದ ನಮಗಾಗಿ, ಈಗಲೂ ಸಾಯುವ ಗಳಿಗೆಯಲ್ಲೂ ಬೇಡಿಕೋ ಎನ್ನುವ ಉತ್ತರಾರ್ಧ ಜನರದ್ದು. ಅದು ರೋಮಿನ ಪ್ರಾರ್ಥನಾ ಗ್ರಂಥದಲ್ಲಿ ನೆಲೆನಿಂತದ್ದು 1568ರಲ್ಲಿ. ಒಬ್ಬರು ದೂತನ ಮಾತನ್ನಾಡುತ್ತಾರೆ, ಉಳಿದವರು ಮನುಷ್ಯರ ಮಾತಿನಲ್ಲಿ ಉತ್ತರಿಸುತ್ತಾರೆ. ಮಠದ ಎರಡು ಸಾಲುಗಳಲ್ಲಿ ನಿಂತ ಸನ್ಯಾಸಿಗಳು ಕೀರ್ತನೆಯನ್ನು ಹಂಚಿಕೊಂಡು ಹಾಡುತ್ತಿದ್ದ ಕ್ರಮ ಹೀಗೆ ಮನೆಯ ಜಗುಲಿಗೆ ಇಳಿಯಿತು. ದೂತನ ಪಾತ್ರ ವಹಿಸಲು ದೀಕ್ಷೆ ಬೇಡ, ಪುಸ್ತಕ ಬೇಡ; ಅಜ್ಜಿಯಾದರೂ ಆದೀತು, ಏಳು ವರ್ಷದ ಮಗುವಾದರೂ ಆದೀತು.

ಈ ಹಂಚಿಕೆಯ ಬೆಲೆ ತಿಳಿಯುವುದು ಕರಾವಳಿಯ ಚರಿತ್ರೆಯ ಜತೆಗಿಟ್ಟು ನೋಡಿದಾಗ. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರಿಗೆ ಪಾದ್ರಿಗಳ ಆಸರೆ ಎಂದೂ ಗಟ್ಟಿಯಾಗಿರಲಿಲ್ಲ. 1654ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ ಸೇರಿದಂತೆ ಕೆನರಾದ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡ. ಮಿರ್ಜಾನ, ಚಂದಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ದೊರೆತದ್ದು ಕೆಳದಿಗೂ ಪೋರ್ಚುಗೀಸರಿಗೂ ನಡೆದ 1678ರ ಒಪ್ಪಂದದಲ್ಲಿ. ಅಷ್ಟರಲ್ಲಿ ಇನ್ನೊಂದು ತೊಡಕು ಬೆಳೆದಿತ್ತು. ಗೋವೆಯ ಅಧಿಕಾರಕ್ಕೂ ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದ ಕಾಸ್ಟ್ರೋ ಅವರಿಗೂ ವ್ಯಾಜ್ಯ ನಡೆದು, ಯಾರ ಪಾದ್ರಿಯಿಂದ ಸಂಸ್ಕಾರ ಪಡೆದರೆ ಸಲ್ಲುತ್ತದೆ ಎಂಬುದೇ ಗೊಂದಲವಾಯಿತು. 1681ರಲ್ಲಿ ಗೋವೆಯ ಪಾದ್ರಿ ಸಂತ ಜೋಸೆಫ್ ವಾಜರು ಕೆನರಾಕ್ಕೆ ಬಂದದ್ದು ಈ ಬಿಕ್ಕಟ್ಟಿನ ನಡುವೆ. ಅದಕ್ಕೆ ನಾಲ್ಕು ವರ್ಷ ಮೊದಲು ತಾವು ಮರಿಯಮ್ಮನ ದಾಸನೆಂದು ಪತ್ರ ಬರೆದುಕೊಟ್ಟವರು ಅವರು. ಪೂಜೆಗೆ, ಪಾಪನಿವೇದನೆಗೆ ಅಧಿಕಾರದ ಪ್ರಶ್ನೆ ಅಡ್ಡ ಬರುತ್ತದೆ, ಜಪಸರಕ್ಕೆ ಬರುವುದಿಲ್ಲ. ಅದು ಯಾವ ಬಿಷಪ್ಪರ ಅನುಮತಿಯನ್ನೂ ಕಾಯದ ಪ್ರಾರ್ಥನೆ. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ಉರುಳಿದವು. 1799ರವರೆಗಿನ ಆ ಸೆರೆಯ ಕಾಲದಲ್ಲಿ ಒಬ್ಬ ಹೇಳುವವ, ಒಬ್ಬ ಉತ್ತರಿಸುವವ ಇದ್ದರೆ ಸಾಕೆನ್ನುವ ಪ್ರಾರ್ಥನೆ ಎಷ್ಟು ಒದಗಿಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಸಮುದಾಯ ಉಳಿದದ್ದು ಜಪಸರದಿಂದಲ್ಲ, ಭಾಷೆ, ನೆಂಟಸ್ತನ, ಭೂಮಿ, 1799ರ ನಂತರದ ಬ್ರಿಟಿಷ್ ಆಳ್ವಿಕೆ ಇವುಗಳಿಂದ ಎಂದು ಯಾರಾದರೂ ವಾದಿಸಬಹುದು. ಒಪ್ಪತಕ್ಕ ಮಾತೇ. ಆದರೆ ಇವು ಸಮುದಾಯ ಉಳಿದದ್ದನ್ನು ವಿವರಿಸುತ್ತವೆ, ಅದು ಪ್ರಾರ್ಥಿಸುವ ಸಮುದಾಯವಾಗಿಯೇ ಉಳಿದದ್ದನ್ನಲ್ಲ. ಇನ್ನೊಂದು ಆಕ್ಷೇಪ ಹಳೆಯದು, ಪ್ರೊಟೆಸ್ಟಂಟ್ ಸುಧಾರಕರ ಕಾಲದ್ದು: ಅದದೇ ಮಾತನ್ನು ಐವತ್ತು ಸಲ ಹೇಳುವುದು ಬರೀ ಬಾಯಿಪಾಠ, ಮತ್ತಾಯನ ಶುಭಸಂದೇಶವೇ ಅದನ್ನು ನಿಷೇಧಿಸಿದೆ ಎಂಬುದು. ಜಪಸರದ ರಚನೆಯನ್ನು ನೋಡದೆ ಮಾಡಿದ ಆಕ್ಷೇಪ ಇದು. ಅಲ್ಲಿ ಬದಲಾಗದಿರುವುದು ಬಾಯಿಯ ಮಾತು ಮಾತ್ರ. ಪ್ರತಿ ಹತ್ತು ಮಣಿಗೆ ಮನಸ್ಸಿನ ಮುಂದಿನ ಪ್ರಸಂಗ ಬದಲಾಗುತ್ತದೆ, ಜನನದಿಂದ ಶಿಲುಬೆಗೆ, ಶಿಲುಬೆಯಿಂದ ಪುನರುತ್ಥಾನಕ್ಕೆ. ತಂಬೂರಿಯ ಶ್ರುತಿ ಬದಲಾಗದೆ ಇರುವುದರಿಂದಲೇ ರಾಗ ಸಂಚರಿಸುತ್ತದೆ. ಇಲ್ಲಿನ ಜಪಮಾಲೆಯ ಅನುಕರಣೆ ಇದೆಂಬ ಊಹೆಯಂತೂ ನಿಲ್ಲುವುದಿಲ್ಲ. ಭಾರತದ ಮಾಲೆ 108ರ ಮೇಲೆ ನಿಂತಿದೆ, ಇದು ಹತ್ತರ ಮೇಲೆ. ಅದಕ್ಕಿಂತ ಮುಖ್ಯವಾಗಿ, ಮಾಲೆಯ ಜಪ ಬಹುಮಟ್ಟಿಗೆ ಒಬ್ಬನೇ ಮಾಡುವಂಥದ್ದು; ಮನೆಯ ಜಪಸರಕ್ಕೆ ಉತ್ತರ ಕೊಡುವವರು ಬೇಕು.

ಕೊಂಕಣಿ ಕ್ರೈಸ್ತ ಮನೆಗಳ ಸಂಜೆಯ ಕ್ರಮವೂ ಇದನ್ನೇ ಹೇಳುತ್ತದೆ. ಮೊದಲು ಆಮೊರಿ (ದೂತವಂದನೆಯ ಪ್ರಾರ್ಥನೆ), ಆಮೇಲೆ ತೇರ್ಸ್ (ಜಪಸರ), ಕೊನೆಗೆ ಕಿರಿಯರು ಹಿರಿಯರ ಬಳಿ ಬೆಸಾಂವ್ (ಆಶೀರ್ವಾದ) ಬೇಡುವುದು. ಆಮೊರಿಯೂ ಹೇಳಿಕೆ, ಉತ್ತರಗಳ ಪ್ರಾರ್ಥನೆ. ಬೆಸಾಂವ್ ಕೂಡ ಬೇಡಿಕೆ ಮತ್ತು ಉತ್ತರ. ಅಧಿಕಾರದ ಗಡಿಗಳು ಮಾತ್ರ ಬದಲಾಗುತ್ತ ಬಂದವು: 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ, 1976ರಲ್ಲಿ ಅದರಿಂದ ಕಾರವಾರ ಧರ್ಮಪ್ರಾಂತ್ಯ ಹುಟ್ಟಿದವು; ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಈಗ ಕಾರವಾರದವು. ಈ ಕರಾವಳಿಯ ಕ್ರೈಸ್ತ ಚರಿತ್ರೆಯನ್ನು ಕೋಟೆ, ಒಪ್ಪಂದ, ಬಿಷಪ್ಪರ ಪಟ್ಟಿಗಳಿಂದಷ್ಟೇ ಬರೆದರೆ ಅದು ಅರ್ಧ ಚರಿತ್ರೆ. ಮುಂದೆ ಬರೆಯುವವರು ಮನೆಯ ಪೀಠದ ಮುಂದೆ ಮೊದಲರ್ಧವನ್ನು ಯಾರು ಹೇಳುತ್ತಾರೆ, ಉತ್ತರಾರ್ಧವನ್ನು ಯಾರು ಹೇಳುತ್ತಾರೆ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ದಾಖಲಿಸಿಕೊಳ್ಳಬೇಕು.